ಹೆಪಟೈಟಿಸ್ ನಿರ್ಮೂಲನೆ: ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಯಕೃತ್ತಿಗೆ ತಗಲುವ ವೈರಾಣು ಸೋಂಕನ್ನು ಹೆಪಟೈಟಿಸ್ ಎನ್ನಲಾಗುತ್ತದೆ. ಎ ಮತ್ತು ಇ ಬಗೆಗಳು ಕಲುಷಿತ ನೀರು, ಆಹಾರದಿಂದ ಹರಡುತ್ತವೆ. ಬಿ ಮತ್ತು ಸಿ ಬಗೆಗಳು ಸೋಂಕಿತ ರಕ್ತ, ಒಬ್ಬರಿಗೆ ಬಳಸಿದ ಸೂಜಿ, ಲೈಂಗಿಕ ಸಂಪರ್ಕ ಹಾಗೂ ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಹರಡುತ್ತವೆ.

ಕಣ್ಣು ಹಳದಿಯಾದಾಗ ಕಾಮಾಲೆಯೆಂದು ನೆಲನೆಲ್ಲಿಯ ರಸ ಸೇವಿಸುವ ರೂಢಿ ನಮ್ಮಲ್ಲಿದೆ. ಎ ಮತ್ತು ಇ ಬಗೆಯ ಸೋಂಕು ಬಹುತೇಕ ತಾನಾಗಿಯೇ ಗುಣವಾಗುವುದರಿಂದ, ಮದ್ದಿನಿಂದಲೇ ಗುಣವಾಯಿತೆಂಬ ನಂಬಿಕೆ ಬೆಳೆದಿದೆ. ಆದರೆ ಬಿ ಮತ್ತು ಸಿ ಸೋಂಕುಗಳು ಕಾಮಾಲೆಯೇ ಕಾಣಿಸದೆ ಹಲವು ವರ್ಷ ದೇಹದಲ್ಲಿದ್ದು, ಸಿರೋಸಿಸ್ ಮತ್ತು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲವು. ಇವುಗಳನ್ನು ರಕ್ತಪರೀಕ್ಷೆಯಿಂದ ಮಾತ್ರ ತಿಳಿಯಬಹುದಾಗಿದೆ.

ಇದುವರೆಗಿನ ಪ್ರಗತಿ:
2030ರೊಳಗೆ ಹೊಸ ಸೋಂಕುಗಳನ್ನು ಶೇ. 90ರಷ್ಟು, ಸಾವುಗಳನ್ನು ಶೇ. 65ರಷ್ಟು ತಗ್ಗಿಸುವ ಗುರಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ನಿಗದಿಪಡಿಸಿತು. ಆಗ್ನೇಯ ಏಷ್ಯಾ ವಲಯದಲ್ಲಿ ಬಾಂಗ್ಲಾದೇಶ, ಭೂತಾನ್, ನೇಪಾಳ ಮತ್ತು ಥಾಯ್ಲೆಂಡ್ ದೇಶಗಳು ಮಕ್ಕಳಲ್ಲಿ ಹೆಪಟೈಟಿಸ್ ಬಿ ಪ್ರಮಾಣವನ್ನು ಶೇ. 1ಕ್ಕಿಂತ ಕೆಳಗಿಳಿಸಿರುವುದು 2019ರಲ್ಲಿ ದೃಢಪಟ್ಟಿತು. ಭಾರತದಲ್ಲಿ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವು 28-07-2018ರಂದು ಆರಂಭವಾಯಿತು. 2022ರ ಅಂದಾಜಿನಂತೆ ದೇಶದಲ್ಲಿ ಸುಮಾರು 2.98 ಕೋಟಿ ಜನರು ಬಿ ಸೋಂಕನ್ನು, 55 ಲಕ್ಷ ಜನರು ಸಿ ಸೋಂಕನ್ನು ಹೊಂದಿದ್ದರು.

ಜನನದ ವೇಳೆ ಬಿ ಸೋಂಕು ತಗಲಿದ 10 ಶಿಶುಗಳಲ್ಲಿ ಸುಮಾರು 9 ಶಿಶುಗಳಿಗೆ ಅದು ಶಾಶ್ವತವಾಗಿ ಉಳಿಯುತ್ತದೆ. ವಯಸ್ಕರಲ್ಲಿ ಈ ಪ್ರಮಾಣ ಶೇ. 5ಕ್ಕಿಂತ ಕಡಿಮೆ. ಆದುದರಿಂದ ಮಗುವಿನ ಮೊದಲ 24 ಗಂಟೆಗಳು ಅತಿ ಮುಖ್ಯ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು:
1. ಗರ್ಭಿಣಿಯರು ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿಕೊಂಡು, ಫಲಿತಾಂಶವು ತಾಯಿ ಕಾರ್ಡಿನಲ್ಲಿ ದಾಖಲಾಗಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.
2. ಹೆರಿಗೆ ಎಲ್ಲಿಯೇ ಆಗಲಿ, ಮಗುವಿಗೆ 24 ಗಂಟೆಗಳೊಳಗೆ ಮೊದಲ ಲಸಿಕೆ ಹಾಗೂ 6, 10 ಮತ್ತು 14ನೇ ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆ ಹಾಕಿಸತಕ್ಕದ್ದು. ಸೋಂಕಿತ ತಾಯಿಯ ಮಗುವಿಗೆ ಲಸಿಕೆಯೊಂದಿಗೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಅಗತ್ಯ. ಅಂತಹ ತಾಯಂದಿರು ಎದೆಹಾಲುಣಿಸಬಹುದು.
3. ಸಿ ಸೋಂಕು 12ರಿಂದ 24 ವಾರಗಳ ಮಾತ್ರೆಗಳಿಂದ ಶೇ. 95ಕ್ಕೂ ಹೆಚ್ಚು ಮಂದಿಯಲ್ಲಿ ಗುಣವಾಗುತ್ತದೆ. ಬಿ ಸೋಂಕನ್ನು ಔಷಧಿಗಳಿಂದ ಹತೋಟಿಯಲ್ಲಿಡಬಹುದು. ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ.
4. ಗರ್ಭಿಣಿಯರಲ್ಲಿ ಇ ಸೋಂಕು ಪ್ರಾಣಾಪಾಯ ತರಬಲ್ಲದು. ಕಾಮಾಲೆ ಕಂಡಲ್ಲಿ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಬರತಕ್ಕದ್ದು. ಮಳೆಗಾಲದಲ್ಲಿ ಬಾವಿಯ ನೀರನ್ನು ಕುದಿಸಿ ಕುಡಿಯುವುದು ಕ್ಷೇಮ.

ಜೊತೆಯಲ್ಲಿ ಊಟ ಮಾಡುವುದರಿಂದ, ಕೈ ಕುಲುಕುವುದರಿಂದ ಬಿ ಮತ್ತು ಸಿ ಸೋಂಕು ಹರಡುವುದಿಲ್ಲ. ಸೋಂಕಿತರನ್ನು ಮನೆಯಲ್ಲಾಗಲಿ ಕೆಲಸದ ಸ್ಥಳದಲ್ಲಾಗಲಿ ದೂರವಿಡುವುದು ಸಲ್ಲದು. ಹಾಗೆ ಮಾಡಿದಲ್ಲಿ ಇತರರೂ ಪರೀಕ್ಷೆಗೆ ಹಿಂಜರಿಯುತ್ತಾರೆ.

ಹೆಚ್ಚಿನ ಮಾಹಿತಿಗೆ ಪುತ್ತೂರು, ಸುಳ್ಯ ಮತ್ತು ಕಡಬದ ಸರ್ಕಾರಿ ಆಸ್ಪತ್ರೆಗಳನ್ನು, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಅಥವಾ ಗ್ರಾಮದ ಆಶಾ ಕಾರ್ಯಕರ್ತೆಯರನ್ನು ಸಂಪರ್ಕಿಸಬಹುದಾಗಿದೆ.