ಬಿನಾಕಾ ಗೀತ್‌ಮಾಲಾ ವಾರ್ಷಿಕ ಪಟ್ಟಿ

ಬಿನಾಕಾ ಗೀತ್‌ಮಾಲಾ ವಾರ್ಷಿಕ ಪಟ್ಟಿಯು ಒಂದು ವರ್ಷದ ಅವಧಿಯಲ್ಲಿ ಅತ್ಯಂತ ಜನಪ್ರಿಯವಾದ ಹಿಂದಿ ಚಲನಚಿತ್ರಗೀತೆಗಳನ್ನು ಶ್ರೇಣಿಯ ಪ್ರಕಾರ ಜೋಡಿಸಿ, ವರ್ಷದ ಕೊನೆಯಲ್ಲಿ ರೇಡಿಯೊ ಮೂಲಕ ಪ್ರಕಟಿಸಲಾಗುತ್ತಿದ್ದ ಪಟ್ಟಿಯಾಗಿದೆ. ರೇಡಿಯೊ ಸಿಲೋನ್ ಕೇಂದ್ರದಿಂದ ಪ್ರಸಾರವಾಗುತ್ತಿದ್ದ 'ಬಿನಾಕಾ ಗೀತ್‌ಮಾಲಾ' ಎಂಬ ಸಾಪ್ತಾಹಿಕ ಕಾರ್ಯಕ್ರಮದ ಅಂಗವಾಗಿ ಇದು ರೂಪುಗೊಂಡಿತು. ಕಾರ್ಯಕ್ರಮವನ್ನು ಅಮೀನ್ ಸಯಾನಿ (1932–2024) ನಿರೂಪಿಸುತ್ತಿದ್ದರು. 1953ರಿಂದ 1993ರವರೆಗಿನ ಪಟ್ಟಿಗಳು ಹಿಂದಿ ಚಿತ್ರಸಂಗೀತದ ಇತಿಹಾಸವನ್ನು ಅಭ್ಯಸಿಸುವವರಿಗೆ ಮುಖ್ಯ ಆಕರಗಳಾಗಿವೆ. ಜನಪ್ರಿಯತೆಯನ್ನು ಅಳೆಯುವುದು ಹೇಗೆ, ಜನಪ್ರಿಯತೆಗೂ ಗುಣಕ್ಕೂ ಇರುವ ಸಂಬಂಧವೇನು ಎಂಬ ಪ್ರಶ್ನೆಗಳನ್ನೂ ಈ ಪಟ್ಟಿಗಳು ಎತ್ತುತ್ತವೆ.

ಹಿನ್ನೆಲೆ

1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ. ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತದ ಪ್ರಬಲ ಪಕ್ಷಪಾತಿಗಳು. ಚಿತ್ರಗೀತೆಗಳಿಂದ ಜನರ ಅಭಿರುಚಿ ಕೆಡುತ್ತಿದೆ ಎಂಬುದು ಅವರ ನಿಲುವಾಗಿತ್ತು. ಅವರ ಅವಧಿಯಲ್ಲಿ ಆಕಾಶವಾಣಿಯು ಚಿತ್ರಗೀತೆಗಳ ಪ್ರಸಾರವನ್ನು ತೀವ್ರವಾಗಿ ಮೊಟಕುಗೊಳಿಸಿತು. ಹಾಡು ಕೇಳಬಯಸಿದವರು ಬೇರೆ ಕೇಂದ್ರಗಳತ್ತ ರೇಡಿಯೊದ ಮುಳ್ಳು ತಿರುಗಿಸಿದರು.

ಆಗ ಅವರಿಗೆ ದೊರೆತದ್ದು ಕೊಲಂಬೊದ ರೇಡಿಯೊ ಸಿಲೋನ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಿತ್ರಪಡೆಗಳ ಸೈನಿಕರಿಗಾಗಿ ಅಲ್ಲಿ ಸ್ಥಾಪಿಸಲಾಗಿದ್ದ ಶಕ್ತಿಶಾಲಿ ಶಾರ್ಟ್‌ವೇವ್ ಪ್ರೇಷಕವು ಯುದ್ಧಾನಂತರ ಸಿಲೋನ್ ಸರ್ಕಾರದ ವಶಕ್ಕೆ ಬಂದಿತ್ತು. ಅದರ ವಾಣಿಜ್ಯ ವಿಭಾಗದ ಪ್ರಸಾರ ಭಾರತದ ಬಹುಭಾಗದಲ್ಲಿ ಸ್ಪಷ್ಟವಾಗಿ ಕೇಳಿಬರುತ್ತಿತ್ತು. ಆಕಾಶವಾಣಿಯಲ್ಲಿ ಜಾಹೀರಾತಿಗೆ ಅವಕಾಶವಿಲ್ಲದ ಆ ಕಾಲದಲ್ಲಿ ಭಾರತದ ಕಂಪನಿಗಳು ಈ ಕೇಂದ್ರದ ಕಾರ್ಯಕ್ರಮಗಳನ್ನು ಪ್ರಾಯೋಜಿಸತೊಡಗಿದವು. ಆಕಾಶವಾಣಿಯು ಕೇಳುಗರನ್ನು ಮರಳಿ ಸೆಳೆಯಲು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಿತಾದರೂ, ಅಷ್ಟರಲ್ಲಿ ಗೀತ್‌ಮಾಲಾ ಮನೆಮಾತಾಗಿತ್ತು.

ಆರಂಭ

ಬಿನಾಕಾ ಎಂಬ ಟೂತ್‌ಪೇಸ್ಟ್‌ನ ಪ್ರಾಯೋಜಕತ್ವದಲ್ಲಿ 1952ರ ಡಿಸೆಂಬರ್ 3ರಂದು ಕಾರ್ಯಕ್ರಮ ಆರಂಭವಾಯಿತು. ಪ್ರತಿ ಬುಧವಾರ ರಾತ್ರಿ ಎಂಟು ಗಂಟೆ ಅದರ ಪ್ರಸಾರದ ಸಮಯ. ಮುಂಬಯಿಯಲ್ಲಿ ಧ್ವನಿಮುದ್ರಣ ಮಾಡಿ, ಟೇಪುಗಳನ್ನು ವಿಮಾನದಲ್ಲಿ ಕೊಲಂಬೊಗೆ ಕಳುಹಿಸಲಾಗುತ್ತಿತ್ತು. ಬರವಣಿಗೆ, ನಿರೂಪಣೆ, ಪತ್ರಗಳ ಪರಿಶೀಲನೆ ಎಲ್ಲವೂ ಇಪ್ಪತ್ತರ ಹರೆಯದ ಸಯಾನಿಯವರ ಹೊಣೆಯಾಗಿತ್ತು. ಇದಕ್ಕೆ ಅವರಿಗೆ ವಾರಕ್ಕೆ 25 ರೂಪಾಯಿ ಸಂಭಾವನೆ ದೊರೆಯುತ್ತಿತ್ತು.

ಮೊದಲಿಗೆ ಇದು ಶ್ರೇಣೀಕರಣದ ಕಾರ್ಯಕ್ರಮವಾಗಿರದೆ, ಅರ್ಧ ಗಂಟೆಯ ಸ್ಪರ್ಧೆಯಾಗಿತ್ತು. ಏಳು ಹಾಡುಗಳನ್ನು ಕ್ರಮ ತಪ್ಪಿಸಿ ನುಡಿಸಲಾಗುತ್ತಿತ್ತು. ಅವನ್ನು ಕಾಲಾನುಕ್ರಮದಲ್ಲಿ ಸರಿಯಾಗಿ ಜೋಡಿಸಿ ಬರೆದವರಿಗೆ 100 ರೂಪಾಯಿ ಬಹುಮಾನವಿತ್ತು. ಸಯಾನಿಯವರು ಸಂದರ್ಶನಗಳಲ್ಲಿ ನೆನೆದಿರುವಂತೆ, ಮೊದಲ ಪ್ರಸಾರಕ್ಕೇ ಸುಮಾರು 9,000 ಪತ್ರಗಳು ಬಂದವು; ಒಂದೇ ವರ್ಷದಲ್ಲಿ ಅವುಗಳ ಸಂಖ್ಯೆ ವಾರಕ್ಕೆ 65,000ದಷ್ಟಾಯಿತು. ಅಷ್ಟು ಪತ್ರಗಳನ್ನು ತಿದ್ದಿ ನೋಡುವುದು ಅಸಾಧ್ಯವಾದ್ದರಿಂದ ಸ್ಪರ್ಧೆಯನ್ನು ಕೈಬಿಟ್ಟು, 1954ರ ಕೊನೆಯ ಹೊತ್ತಿಗೆ ಕಾರ್ಯಕ್ರಮವನ್ನು ಒಂದು ಗಂಟೆಯ ಜನಪ್ರಿಯ ಗೀತೆಗಳ ಶ್ರೇಣಿಯಾಗಿ ಮಾರ್ಪಡಿಸಲಾಯಿತು.

ಸಯಾನಿಯವರು ಹಾಡಿನ ಸ್ಥಾನಕ್ಕೆ 'ಪಾಯ್‌ದಾನ್' (ಮೆಟ್ಟಿಲು) ಎಂದೂ ಮೊದಲ ಸ್ಥಾನಕ್ಕೆ 'ಚೋಟಿ' (ಶಿಖರ) ಎಂದೂ ಹೇಳುತ್ತಿದ್ದರು. ಕೆಳಗಿನ ಮೆಟ್ಟಿಲಿನಿಂದ ಒಂದೊಂದಾಗಿ ಮೇಲೇರುವ ಈ ಕ್ರಮದಿಂದ ಮೊದಲ ಸ್ಥಾನದ ಹಾಡು ಯಾವುದೆಂಬ ಕುತೂಹಲ ಕೊನೆಯವರೆಗೂ ಉಳಿಯುತ್ತಿತ್ತು. ನಿಗದಿತ ಸಂಖ್ಯೆಯ ವಾರಗಳನ್ನು ಪಟ್ಟಿಯಲ್ಲಿ ಪೂರೈಸಿದ ಹಾಡನ್ನು 'ಸರ್‌ತಾಜ್ ಗೀತ್' ಎಂದು ಗೌರವಿಸಿ, ಹೊಸ ಹಾಡುಗಳಿಗೆ ಎಡೆಮಾಡಿಕೊಡಲು ವಾರದ ಪಟ್ಟಿಯಿಂದ ನಿವೃತ್ತಿಗೊಳಿಸಲಾಗುತ್ತಿತ್ತು.

ಶ್ರೇಣಿ ನಿರ್ಧಾರದ ವಿಧಾನ

ವಾರದ ಪಟ್ಟಿಗೆ ಎರಡು ಮುಖ್ಯ ಆಧಾರಗಳಿದ್ದವು. ಮೊದಲನೆಯದು, ದೊಡ್ಡ ನಗರಗಳ ಆಯ್ದ ಅಂಗಡಿಗಳಿಂದ ಬರುತ್ತಿದ್ದ ಗ್ರಾಮಫೋನ್ ರೆಕಾರ್ಡುಗಳ ಮಾರಾಟದ ವರದಿ. ಎರಡನೆಯದು, ಕೇಳುಗರ ಪತ್ರಗಳು. ಈ ಎರಡು ಆಧಾರಗಳೂ ದೋಷಮುಕ್ತವಾಗಿರಲಿಲ್ಲ. ಬೇಡಿಕೆಯಿರುವ ರೆಕಾರ್ಡು ಅಂಗಡಿಯಲ್ಲಿ ಮುಗಿದುಹೋದರೆ ಆ ವಾರದ ಮಾರಾಟದ ಅಂಕಿಯಲ್ಲಿ ಹಾಡು ಹಿಂದೆ ಬೀಳುತ್ತಿತ್ತು. ಹಿತಾಸಕ್ತಿಯುಳ್ಳವರೇ ರೆಕಾರ್ಡುಗಳನ್ನು ಸಗಟಾಗಿ ಕೊಂಡರೆ ಅದು ಮೇಲೇರಬಹುದಾಗಿತ್ತು. ಒಬ್ಬನೇ ವ್ಯಕ್ತಿ ಬೇರೆ ಬೇರೆ ಹೆಸರಿನಲ್ಲಿ ಪತ್ರ ಬರೆಯುವುದೂ ಸಾಧ್ಯವಿತ್ತು. ಈ ಕೊರತೆಗಳನ್ನು ನೀಗಲು ದೇಶದ ವಿವಿಧೆಡೆ ಶ್ರೋತೃ ಸಂಘಗಳನ್ನು ರಚಿಸಿ, ಅವುಗಳ ಅಭಿಪ್ರಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಪದ್ಧತಿ ಜಾರಿಗೆ ಬಂತು.

ಪತ್ರ ಬರೆಯುವ ಉತ್ಸಾಹ ದೊಡ್ಡ ನಗರಗಳಿಗಿಂತ ಸಣ್ಣ ಊರುಗಳಲ್ಲಿ ಹೆಚ್ಚಾಗಿತ್ತು. ಅಂದಿನ ಬಿಹಾರದ (ಇಂದಿನ ಝಾರ್ಖಂಡ್) ಅಭ್ರಕ ಗಣಿಗಳ ಪಟ್ಟಣವಾದ ಝುಮ್ರಿ ತಲೈಯಾ, ರೇಡಿಯೊ ಸಿಲೋನ್ ಮತ್ತು ವಿವಿಧ ಭಾರತಿಗಳಿಗೆ ಅಲ್ಲಿಂದ ಹೋಗುತ್ತಿದ್ದ ಕೋರಿಕೆ ಪತ್ರಗಳಿಂದಲೇ ದೇಶಕ್ಕೆಲ್ಲ ಪರಿಚಿತವಾಯಿತು. ರೆಕಾರ್ಡು ಕೊಳ್ಳಲು ಹಣವಿಲ್ಲದವನಿಗೆ ಅಂಚೆ ಕಾರ್ಡೇ ಮತಪತ್ರವಾಗಿತ್ತು.

ವಾರದ ಶ್ರೇಣಿಗಳಲ್ಲಿ ಹಾಡುಗಳು ಗಳಿಸಿದ ಅಂಕಗಳನ್ನು ಕೂಡಿಸಿ ವಾರ್ಷಿಕ ಪಟ್ಟಿಯನ್ನು ಸಿದ್ಧಪಡಿಸಲಾಗುತ್ತಿತ್ತು. ಹೀಗಾಗಿ ಕೆಲವು ವಾರ ಮಾತ್ರ ಮಿಂಚಿ ಮರೆಯಾದ ಹಾಡಿಗಿಂತ ತಿಂಗಳುಗಟ್ಟಲೆ ನಿಂತ ಹಾಡಿಗೆ ಹೆಚ್ಚಿನ ಬೆಲೆ ಬರುತ್ತಿತ್ತು. ವರ್ಷದ ಕೊನೆಯ ತಿಂಗಳುಗಳಲ್ಲಿ ಬಂದ ಹಾಡಿಗೆ ಅಂಕ ಗಳಿಸಲು ಸಾಕಷ್ಟು ವಾರಗಳು ದೊರೆಯುತ್ತಿರಲಿಲ್ಲ. ಚಿತ್ರ ಬಿಡುಗಡೆಯಾದ ವರ್ಷಕ್ಕೂ ಪಟ್ಟಿಯ ವರ್ಷಕ್ಕೂ ಕೆಲವೊಮ್ಮೆ ಅಂತರ ಕಂಡುಬರುತ್ತದೆ. 1961ರ 'ಜಂಗ್ಲಿ', 1978ರ 'ಡಾನ್' ಮತ್ತು 1986ರ 'ನಾಮ್' ಚಿತ್ರಗಳ ಹಾಡುಗಳು ಅನುಕ್ರಮವಾಗಿ 1962, 1979 ಮತ್ತು 1987ರ ಪಟ್ಟಿಗಳಲ್ಲಿ ಮೊದಲ ಸ್ಥಾನ ಪಡೆದವು.

ಅಗ್ರಸ್ಥಾನ ಪಡೆದ ಕೆಲವು ಗೀತೆಗಳು

ವರ್ಷ, ಚಿತ್ರ, ಸಂಗೀತ ನಿರ್ದೇಶಕರು ಮತ್ತು ಗಾಯಕರನ್ನು ಇಲ್ಲಿ ಅನುಕ್ರಮವಾಗಿ ನೀಡಲಾಗಿದೆ.

- 1953: ಅನಾರ್ಕಲಿ – ಸಿ. ರಾಮಚಂದ್ರ – ಲತಾ ಮಂಗೇಶ್ಕರ್
- 1955: ಶ್ರೀ 420 – ಶಂಕರ್–ಜೈಕಿಶನ್ – ಮುಕೇಶ್
- 1956: ಸಿ.ಐ.ಡಿ. – ಓ. ಪಿ. ನಯ್ಯರ್ – ಮೊಹಮ್ಮದ್ ರಫಿ, ಗೀತಾ ದತ್
- 1957: ಜನಮ್ ಜನಮ್ ಕೆ ಫೇರೆ – ಎಸ್. ಎನ್. ತ್ರಿಪಾಠಿ – ರಫಿ, ಲತಾ
- 1966: ಸೂರಜ್ – ಶಂಕರ್–ಜೈಕಿಶನ್ – ರಫಿ
- 1967: ಮಿಲನ್ – ಲಕ್ಷ್ಮೀಕಾಂತ್–ಪ್ಯಾರೇಲಾಲ್ – ಮುಕೇಶ್, ಲತಾ
- 1972: ಹರೇ ರಾಮ ಹರೇ ಕೃಷ್ಣ – ಆರ್. ಡಿ. ಬರ್ಮನ್ – ಆಶಾ ಭೋಸ್ಲೆ
- 1974: ಕೋರಾ ಕಾಗಜ್ – ಕಲ್ಯಾಣಜಿ–ಆನಂದಜಿ – ಕಿಶೋರ್ ಕುಮಾರ್
- 1976: ಕಭಿ ಕಭಿ – ಖಯ್ಯಾಮ್ – ಮುಕೇಶ್, ಲತಾ
- 1978: ಅಂಖಿಯೋಂ ಕೆ ಝರೋಖೋಂ ಸೆ – ರವೀಂದ್ರ ಜೈನ್ – ಹೇಮಲತಾ
- 1987: ನಾಮ್ – ಲಕ್ಷ್ಮೀಕಾಂತ್–ಪ್ಯಾರೇಲಾಲ್ – ಪಂಕಜ್ ಉಧಾಸ್
- 1991: ಸಾಜನ್ – ನದೀಮ್–ಶ್ರವಣ್ – ಎಸ್. ಪಿ. ಬಾಲಸುಬ್ರಹ್ಮಣ್ಯಂ, ಅಲ್ಕಾ ಯಾಗ್ನಿಕ್

1976ರ ಅಗ್ರಗೀತೆಯ ಗಾಯಕ ಮುಕೇಶ್ ಅದೇ ವರ್ಷದ ಆಗಸ್ಟ್ 27ರಂದು ನಿಧನರಾದರು. ವರ್ಷಾಂತ್ಯದ ಪಟ್ಟಿ ಪ್ರಕಟವಾದಾಗ ಅವರು ಇರಲಿಲ್ಲ.

ಜನಪ್ರಿಯತೆ ಮತ್ತು ಕಾಲದ ತೀರ್ಪು

ವಾರ್ಷಿಕ ಪಟ್ಟಿಯನ್ನು ಶ್ರೇಷ್ಠತೆಯ ಪಟ್ಟಿಯೆಂದು ಓದಿದರೆ ಗೊಂದಲವಾಗುತ್ತದೆ. 1957ನೆಯ ವರ್ಷ ಇದಕ್ಕೆ ಸ್ಪಷ್ಟ ನಿದರ್ಶನ. 'ಮದರ್ ಇಂಡಿಯಾ', 'ಪ್ಯಾಸಾ', 'ನಯಾ ದೌರ್', 'ದೋ ಆಂಖೇಂ ಬಾರಹ್ ಹಾಥ್' ಚಿತ್ರಗಳೆಲ್ಲವೂ ಅದೇ ವರ್ಷ ತೆರೆಕಂಡವು. ಹಿಂದಿ ಚಿತ್ರರಂಗದ ಚರಿತ್ರೆಯಲ್ಲಿ ಇವುಗಳಿಗೆ ಸ್ಥಿರವಾದ ಸ್ಥಾನವಿದೆ. ಆದರೆ ಆ ವರ್ಷ ಮೊದಲ ಸ್ಥಾನಕ್ಕೇರಿದ್ದು 'ಜನಮ್ ಜನಮ್ ಕೆ ಫೇರೆ' ಎಂಬ ಭಕ್ತಿಪ್ರಧಾನ ಚಿತ್ರಕ್ಕಾಗಿ ಭರತ್ ವ್ಯಾಸ್ ರಚಿಸಿದ ಗೀತೆ. ಚಿತ್ರವನ್ನು ಇಂದು ನೆನೆಯುವವರು ವಿರಳವಾದರೂ ಹಾಡು ಉಳಿದಿದೆ. ವಿಮರ್ಶಕರ ಗಮನಕ್ಕೆ ಬಾರದ ಪೌರಾಣಿಕ ಹಾಗೂ ಭಕ್ತಿ ಚಿತ್ರಗಳಿಗೆ ಎಷ್ಟು ದೊಡ್ಡ ಕೇಳುಗವರ್ಗವಿತ್ತು ಎಂಬುದನ್ನು ಪಟ್ಟಿಯು ಇಲ್ಲಿ ದಾಖಲಿಸಿದೆ.

1972ರಲ್ಲಿ ಮೂರು ಬಗೆಯ ತೀರ್ಪುಗಳು ಮೂರು ದಿಕ್ಕಿಗೆ ನಡೆದವು. ಗೀತ್‌ಮಾಲಾದ ಅಗ್ರಸ್ಥಾನ 'ಹರೇ ರಾಮ ಹರೇ ಕೃಷ್ಣ' ಚಿತ್ರದ 'ದಮ್ ಮಾರೋ ದಮ್' ಗೀತೆಗೆ ಸಂದಿತು. ಆ ಸಾಲಿನ ಅತ್ಯುತ್ತಮ ಸಂಗೀತದ ಫಿಲ್ಮ್‌ಫೇರ್ ಪ್ರಶಸ್ತಿ 'ಬೇ-ಈಮಾನ್' ಚಿತ್ರಕ್ಕಾಗಿ ಶಂಕರ್–ಜೈಕಿಶನ್ ಅವರಿಗೆ ಹೋಯಿತು. 'ಪಾಕೀಜಾ' ಚಿತ್ರದ ದಿವಂಗತ ಸಂಗೀತ ನಿರ್ದೇಶಕ ಗುಲಾಮ್ ಮೊಹಮ್ಮದ್ ಅವರಿಗೆ ಪ್ರಶಸ್ತಿ ಸಲ್ಲಬೇಕಿತ್ತೆಂದು ಪ್ರತಿಭಟಿಸಿ ನಟ ಪ್ರಾಣ್ 'ಬೇ-ಈಮಾನ್'ಗಾಗಿ ತಮಗೆ ಬಂದ ಪ್ರಶಸ್ತಿಯನ್ನು ನಿರಾಕರಿಸಿದರು. ಆ ವರ್ಷದ ಸಂಗೀತವನ್ನು ಸ್ಮರಿಸುವಾಗ ಇಂದು 'ಪಾಕೀಜಾ' ಹೆಸರು ಮುಂಚೂಣಿಯಲ್ಲಿ ಬರುತ್ತದೆ. 'ಬೇ-ಈಮಾನ್' ಸ್ಮರಣೆಗೆ ಬರುವುದು ಹೆಚ್ಚಾಗಿ ಈ ವಿವಾದದ ಕಾರಣದಿಂದ.

ಕೆಲವು ಅಗ್ರಗೀತೆಗಳು ತಮ್ಮ ಕಾಲದ ಸಾಮಾಜಿಕ ಸ್ಥಿತಿಯನ್ನೂ ಸೂಚಿಸುತ್ತವೆ. 1975ರಲ್ಲಿ ಮೊದಲ ಸ್ಥಾನದಲ್ಲಿದ್ದುದು ಮನೋಜ್ ಕುಮಾರ್ ಅವರ 'ರೋಟಿ ಕಪಡಾ ಔರ್ ಮಕಾನ್' ಚಿತ್ರದ, ಬೆಲೆಯೇರಿಕೆಯ ಬವಣೆಯನ್ನು ಕುರಿತ ಗೀತೆ. ತೈಲ ಬೆಲೆಯ ಏರಿಕೆ ಮತ್ತು ಆಹಾರದ ಅಭಾವಗಳಿಂದ ದೇಶ ತತ್ತರಿಸಿದ್ದ ದಿನಗಳವು. 1987ರ ಅಗ್ರಗೀತೆ ಪರದೇಶಕ್ಕೆ ದುಡಿಯಲು ಹೋದವರಿಗೆ ಊರಿನಿಂದ ಬಂದ ಪತ್ರವನ್ನು ಕುರಿತದ್ದು. 1993ರಲ್ಲಿ ಮೊದಲ ಸ್ಥಾನ ಪಡೆದ 'ಖಳನಾಯಕ್' ಚಿತ್ರದ ಗೀತೆಯ ಸಾಹಿತ್ಯ ಅಶ್ಲೀಲವೆಂಬ ಆಕ್ಷೇಪ ನ್ಯಾಯಾಲಯದವರೆಗೆ ಹೋಗಿತ್ತು.

ಮಿತಿಗಳು

ಪಟ್ಟಿಯು ಹಿಂದಿ ಚಿತ್ರಗೀತೆಗಳಿಗೆ ಸೀಮಿತವಾಗಿದ್ದು, ಇತರ ಭಾಷೆಗಳ ಹಾಡುಗಳಿಗಾಗಲಿ ಚಲನಚಿತ್ರೇತರ ಸಂಗೀತಕ್ಕಾಗಲಿ ಅದರಲ್ಲಿ ಸ್ಥಾನವಿರಲಿಲ್ಲ. ಆದ್ದರಿಂದ ಇದನ್ನು ಇಡೀ ಭಾರತದ ಅಭಿರುಚಿಯ ಅಳತೆಯೆಂದು ಪರಿಗಣಿಸಲಾಗದು. ರೆಕಾರ್ಡು ಕೊಳ್ಳಬಲ್ಲವರು ಮತ್ತು ಪತ್ರ ಬರೆಯಬಲ್ಲವರು ಮಾತ್ರ ಅದರ ಲೆಕ್ಕಕ್ಕೆ ಬಂದರು; ಚಹಾ ಅಂಗಡಿಯ ಮುಂದೆ ನಿಂತು ಕೇಳಿ ಹೋದ ಅನಕ್ಷರಸ್ಥ ಕೇಳುಗರು ಬರಲಿಲ್ಲ.

ಕರ್ನಾಟಕದ ನಂಟು

ಕರ್ನಾಟಕದ ಕೇಳುಗರಿಗೂ ರೇಡಿಯೊ ಸಿಲೋನ್ ಪರಿಚಿತವಾಗಿತ್ತು. ಆ ಕೇಂದ್ರದಿಂದ ಕನ್ನಡ ಚಿತ್ರಗೀತೆಗಳೂ ಪ್ರಸಾರವಾಗುತ್ತಿದ್ದವು. 1956ರ ಅಗ್ರಗೀತೆಯನ್ನು ಒಳಗೊಂಡ 'ಸಿ.ಐ.ಡಿ.' ಚಿತ್ರದ ನಿರ್ಮಾಪಕ ಗುರುದತ್ ಜನಿಸಿದ್ದು ಬೆಂಗಳೂರಿನಲ್ಲಿ. 1991ರ ಅಗ್ರಗೀತೆಯ ಗಾಯಕ ಎಸ್. ಪಿ. ಬಾಲಸುಬ್ರಹ್ಮಣ್ಯಂ ಕನ್ನಡ ಚಿತ್ರಗಳಲ್ಲಿ ಅಸಂಖ್ಯ ಗೀತೆಗಳನ್ನು ಹಾಡಿ ಕನ್ನಡಿಗರ ಪ್ರೀತಿಗೆ ಪಾತ್ರರಾದವರು.

ಕೊನೆಯ ವರ್ಷಗಳು

ಪ್ರಾಯೋಜಕ ಉತ್ಪನ್ನದ ಹೆಸರು ಬದಲಾದಂತೆ ಕಾರ್ಯಕ್ರಮದ ಹೆಸರೂ ಸಿಬಾಕಾ ಗೀತ್‌ಮಾಲಾ ಎಂದು ಬದಲಾಯಿತು. 1989ರಲ್ಲಿ ಅದು ವಿವಿಧ ಭಾರತಿಗೆ ಸ್ಥಳಾಂತರಗೊಂಡಿತು. ಯಾವ ಸಂಸ್ಥೆಯ ನಿಲುವಿನಿಂದಾಗಿ ಚಿತ್ರಗೀತೆಗಳು ಸಮುದ್ರದಾಚೆಯ ಕೇಂದ್ರವನ್ನು ಆಶ್ರಯಿಸಿದ್ದವೋ ಅದೇ ಆಕಾಶವಾಣಿಗೆ ಕಾರ್ಯಕ್ರಮ ಮರಳಿದಂತಾಯಿತು. ಅಷ್ಟರಲ್ಲಿ ಕ್ಯಾಸೆಟ್ಟುಗಳು ರೆಕಾರ್ಡುಗಳ ಸ್ಥಾನವನ್ನು ಆಕ್ರಮಿಸಿದ್ದವು. ನಕಲಿ ಕ್ಯಾಸೆಟ್ಟುಗಳ ಹಾವಳಿಯಿಂದ ಮಾರಾಟದ ಲೆಕ್ಕವೇ ಅನಿಶ್ಚಿತವಾಯಿತು. 'ಸೂಪರ್‌ಹಿಟ್ ಮುಕಾಬಲಾ', 'ಫಿಲಿಪ್ಸ್ ಟಾಪ್ ಟೆನ್' ಮುಂತಾದ ದೂರದರ್ಶನ ಹಾಗೂ ಖಾಸಗಿ ವಾಹಿನಿಯ ಕಾರ್ಯಕ್ರಮಗಳು ಹಾಡನ್ನು ಕೇಳುವುದರಿಂದ ನೋಡುವುದರತ್ತ ಜನರನ್ನು ಸೆಳೆದವು. 1994ರಲ್ಲಿ ನಿಯಮಿತ ಪ್ರಸಾರ ನಿಂತಿತು. ಅನಂತರ ಕಾರ್ಯಕ್ರಮವನ್ನು ಕೆಲಕಾಲ ಪುನರಾರಂಭಿಸಲಾಯಿತಾದರೂ ಹಿಂದಿನ ಪ್ರಭಾವ ಮರಳಲಿಲ್ಲ.

ಸಯಾನಿಯವರಿಗೆ 2009ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಅವರ ನಿರೂಪಣೆಯೊಂದಿಗೆ ಹಳೆಯ ಪಟ್ಟಿಗಳ ಹಾಡುಗಳನ್ನು ಸಂಕಲಿಸಿ 'ಗೀತ್‌ಮಾಲಾ ಕೀ ಛಾಂವ್ ಮೇ' ಎಂಬ ಧ್ವನಿಮುದ್ರಿಕೆಗಳ ಮಾಲೆಯನ್ನು ಸಾರೆಗಾಮಾ ಸಂಸ್ಥೆ ಹೊರತಂದಿದೆ. ಅವರು 2024ರ ಫೆಬ್ರವರಿ 20ರಂದು ಮುಂಬಯಿಯಲ್ಲಿ ನಿಧನರಾದರು.