ಶರೀಫಜ್ಜನ ಪದ: ಒಂದು ದನಿ, ಊರಿಗೊಂದು ಧಾಟಿ

‘ಕೋಡಗನ ಕೋಳಿ ನುಂಗಿತ್ತ’ ಅಂದ ಕೂಡಲೇ ನಮ್ಮ ಕಿವಿಗೆ ಬರೋದು ಸಿ. ಅಶ್ವತ್ಥ್ ದನಿ. ಪದ ಕಟ್ಟಿದ ಶಿಶುನಾಳ ಶರೀಫರು (1819–1889) ನಮ್ಮ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನವರು.

ಕ್ಯಾಸೆಟ್ ಬರೋ ಎಷ್ಟೋ ಮೊದಲೇ ಈ ಪದಗಳು ಭಜನಾ ಮೇಳಗಳಲ್ಲಿ ಬಾಯಿಂದ ಬಾಯಿಗೆ ದಾಟಿದ್ದವು. ಅಲ್ಲಿ ಒಬ್ಬರು ಹೇಳ್ತಾರೆ, ಉಳಿದವರು ತಾಳ ಹಾಕುತ್ತಾ ಎತ್ತಿಕೊಳ್ತಾರೆ, ಊರಿಗೊಂದು ಧಾಟಿ. ಅಶ್ವತ್ಥ್ ಕ್ಯಾಸೆಟ್‌ಗಳು, ಅವರೇ ಸಂಗೀತ ಕೊಟ್ಟ 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಅವನ್ನು ನಾಡಿಗೆಲ್ಲ ಮುಟ್ಟಿಸಿದವು. ದೊಡ್ಡ ಉಪಕಾರವೇ. ಆದರೆ ಒಂದೇ ಧಾಟಿ ಎಲ್ಲರ ಕಿವಿಯಲ್ಲಿ ಕೂತರೆ, ಉಳಿದವು ಹಾಡೋ ಅಜ್ಜಂದಿರ ಜೊತೆಗೇ ಹೋಗಿಬಿಡ್ತವೆ.

ಮುಂದಿನ ಸಲ ಕಾಗಿನೆಲೆ, ಬ್ಯಾಡಗಿ ಕಡೆ ಊರಿಗೆ ಹೋದಾಗ ಭಜನೆಗೆ ಕೂತ್ಕೊಳ್ಳಿ. ಅಜ್ಜನನ್ನು ಕೇಳಿ, ಮೊಬೈಲ್‌ನಲ್ಲಿ ಒಂದು ಪದ ರೆಕಾರ್ಡ್ ಮಾಡ್ಕೊಳ್ಳಿ. ಹಾಡಿದವರ ಹೆಸರು, ಊರು, ತಾರೀಖು ಬರೆದಿಡಿ.