ಮಯೂರ: ಕಲ್ಲಿನ ಸೇಡು, ಪರದೆಯ ಸೇಡು

ಕಾದಂಬರಿ ಓದಿದ್ದವರು ಅದರ ಸಿನಿಮಾ ನೋಡಿ ಹೊರಬಂದಾಗ ಸಾಮಾನ್ಯವಾಗಿ ಬಿಟ್ಟುಹೋದದ್ದರ ಲೆಕ್ಕ ಹಾಕುತ್ತಾರೆ. ಆ ಪಾತ್ರ ಬರಲೇ ಇಲ್ಲ, ಈ ಪ್ರಸಂಗ ಕತ್ತರಿಸಿದ್ದಾರೆ, ಕೊನೆ ಹಾಗಿರಲಿಲ್ಲ ಎಂಬ ಮಾತುಗಳು ಬರುತ್ತವೆ. ಸೇಡಿನ ಕಥೆಗೆ ಈ ಲೆಕ್ಕ ಒಗ್ಗುವುದಿಲ್ಲ. ಯಾರು ಯಾರಿಗೆ ಏನು ಮಾಡಿದರು ಎಂಬಲ್ಲಿ ಅಂಥ ಕಥೆಯ ಜೀವ ಇರುತ್ತದೆ. ಗಾಯ ಎಂಥದ್ದೋ ಸೇಡೂ ಅಂಥದ್ದೇ, ಸೇಡು ಮುಗಿಯುವ ರೀತಿಯೂ ಅಂಥದ್ದೇ. ಆ ಗಾಯವನ್ನು ಉಳಿಸಿಕೊಂಡರೆ ಅರ್ಧ ಪುಸ್ತಕ ಬಿಟ್ಟರೂ ಕಥೆ ಅದೇ. ಅದನ್ನು ಬದಲಾಯಿಸಿದರೆ ಒಂದು ದೃಶ್ಯವನ್ನೂ ಕೈಬಿಡದಿದ್ದರೂ ಕಥೆ ಬೇರೆ. ಆದ್ದರಿಂದ ಇಂಥ ಚಿತ್ರವನ್ನು ಮನಸಾರೆ ಸವಿಯಬೇಕೆಂದರೆ ಮೊದಲು ನೋಡಬೇಕಾದದ್ದು ಸೇಡಿನ ಕಾರಣ ಎಲ್ಲಿಂದ ಎಲ್ಲಿಗೆ ಬಂತು ಎಂಬುದನ್ನು. ಕನ್ನಡದಲ್ಲಿ ಇದನ್ನು ಪರೀಕ್ಷಿಸಿ ನೋಡಲು 1975ರ ‘ಮಯೂರ’ಕ್ಕಿಂತ ಒಳ್ಳೆಯ ಚಿತ್ರ ಸಿಗುವುದು ಕಷ್ಟ.

ಜಗತ್ತಿನಲ್ಲಿ ಸೇಡಿನ ಸಾಹಸಕಥೆ ಎಂದೊಡನೆ ನೆನಪಾಗುವ ಹೆಸರು ಅಲೆಕ್ಸಾಂಡರ್ ಡ್ಯೂಮಾ ಬರೆದ ‘ಕೌಂಟ್ ಆಫ್ ಮಾಂಟೆ ಕ್ರಿಸ್ಟೋ’. 1844ರಿಂದ 1846ರವರೆಗೆ ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದ ಈ ಕಾದಂಬರಿಯಲ್ಲಿ ಎಡ್ಮಂಡ್ ದಾಂತೆಸ್ ಎಂಬ ಯುವ ನಾವಿಕನನ್ನು ನಿಶ್ಚಿತಾರ್ಥದ ಔತಣದಿಂದಲೇ ಬಂಧಿಸಿ ಒಯ್ಯುತ್ತಾರೆ. ಸಮುದ್ರದ ನಡುವಿನ ಕೋಟೆಯ ಜೈಲಿನಲ್ಲಿ ಹದಿನಾಲ್ಕು ವರ್ಷ ಕಳೆದು, ತಪ್ಪಿಸಿಕೊಂಡು, ನಿಧಿ ಪಡೆದು, ಹೊಸ ಹೆಸರಿನಲ್ಲಿ ಬಂದು ತನ್ನನ್ನು ಹಾಳುಮಾಡಿದ ಒಬ್ಬೊಬ್ಬರನ್ನೇ ಅವನು ಶಿಕ್ಷಿಸುತ್ತಾನೆ. ಪುಸ್ತಕದಲ್ಲಿ ವೈರಿಗಳ ಉದ್ದೇಶ ಬೇರೆಬೇರೆ. ಒಬ್ಬನಿಗೆ ಹಡಗಿನ ಕಪ್ತಾನಗಿರಿ ಬೇಕು, ಇನ್ನೊಬ್ಬನಿಗೆ ಹುಡುಗಿ ಬೇಕು, ಮತ್ತೊಬ್ಬ ನ್ಯಾಯಾಧಿಕಾರಿಗೆ ತನ್ನ ಮನೆಯ ಗುಟ್ಟು ಹೊರಬೀಳಬಾರದು. ಹೀಗೆ ಒಬ್ಬ ನಿರಪರಾಧಿಯನ್ನು ಒಂದು ಇಡೀ ಸಮಾಜವೇ ಸೇರಿ ಹೂತುಹಾಕುತ್ತದೆ. ಕೆವಿನ್ ರೆನಾಲ್ಡ್ಸ್ ನಿರ್ದೇಶಿಸಿದ 2002ರ ಚಿತ್ರ ಇಲ್ಲಿಗೇ ಕೈಹಾಕಿತು. ಹುಡುಗಿಯನ್ನು ಬಯಸಿದ ಫರ್ನಾಂಡ್ ಅಲ್ಲಿ ದಾಂತೆಸ್‌ನ ಆಪ್ತಮಿತ್ರನಾದ. ಕಾರಣ ಮಿತ್ರದ್ರೋಹವಾದ ಮೇಲೆ ಕಥೆ ಇಬ್ಬರು ಗಂಡಸರ ನಡುವಿನ ಲೆಕ್ಕವಾಯಿತು. ಪುಸ್ತಕದಲ್ಲಿ ತನ್ನ ಹಳೆಯ ಪಾಪ ಬಯಲಾಗಿ, ಹೆಂಡತಿ ಮಗ ಮನೆ ಬಿಟ್ಟು ಹೊರಟಾಗ ಗುಂಡು ಹಾರಿಸಿಕೊಂಡು ಸಾಯುವ ಫರ್ನಾಂಡ್, ಚಿತ್ರದಲ್ಲಿ ಕತ್ತಿ ಹಿಡಿದು ನಾಯಕನೆದುರು ಹೋರಾಡಿ ಸಾಯುತ್ತಾನೆ. ಕಾರಣ ಒಂದು ಬದಲಾದದ್ದಕ್ಕೆ ಕೊನೆಯೂ ಬದಲಾಗಲೇಬೇಕಾಯಿತು. ಚಿತ್ರ ಕೆಟ್ಟದ್ದೇನಲ್ಲ, ಆದರೆ ಅದು ಬೇರೆ ಸೇಡು.

ಈಗ ನಮ್ಮ ಮಯೂರನಿಗೆ ಬರೋಣ. ವಿಜಯ್ ನಿರ್ದೇಶನದ, ರಾಜಕುಮಾರ್, ಶ್ರೀನಾಥ್, ಮಂಜುಳಾ, ವಜ್ರಮುನಿ ನಟಿಸಿದ ಈ ಚಿತ್ರಕ್ಕೆ ಆಧಾರ ದೇವುಡು ನರಸಿಂಹಶಾಸ್ತ್ರಿಗಳ ‘ಮಯೂರ’ ಕಾದಂಬರಿ. ಆ ಕಾದಂಬರಿಗೂ ಹಿಂದೆ ಒಂದು ಕಲ್ಲು ಇದೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಮೇಲೆ, ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ಬರೆದ ಕದಂಬ ವಂಶದ ಕಥೆ ಕೆತ್ತಿದೆ. ಅದು ಐದನೆಯ ಶತಮಾನದ ನಡುವಿನದು, ಕದಂಬ ಅರಸ ಶಾಂತಿವರ್ಮನ ಕಾಲದ್ದು. ವಂಶದ ಮೂಲಪುರುಷ ಮಯೂರಶರ್ಮನ ಕಾಲಕ್ಕೂ ಅದಕ್ಕೂ ಸುಮಾರು ನೂರು ವರ್ಷದ ಅಂತರ. ಮಯೂರನ ಬಗ್ಗೆ ನಮಗೆ ಗೊತ್ತಿರುವ ಕಥೆಯ ಬಹುಪಾಲು ಈ ಕಂಬದಿಂದಲೇ ಬಂದದ್ದು.

ಕಂಬ ಹೇಳುವ ಗಾಯ ಇದು. ಮಯೂರಶರ್ಮ ವೇದಾಧ್ಯಯನಕ್ಕಾಗಿ ಗುರು ವೀರಶರ್ಮನೊಂದಿಗೆ ಕಂಚಿಯ ಘಟಿಕೆಗೆ ಹೋಗುತ್ತಾನೆ. ಘಟಿಕೆ ಎಂದರೆ ಆ ಕಾಲದ ಉನ್ನತ ವಿದ್ಯಾಸ್ಥಾನ. ಅಲ್ಲಿ ಕಂಚಿಯನ್ನಾಳುತ್ತಿದ್ದ ಪಲ್ಲವರ ಕುದುರೆಯಾಳೊಬ್ಬನೊಡನೆ ಜಗಳವಾಗುತ್ತದೆ. ಜಗಳದ ವಿವರವನ್ನು ಕವಿ ಕೊಡುವುದಿಲ್ಲ. ಅದರಿಂದ ಎದ್ದ ಕ್ಷೋಭೆಯನ್ನು ಕೊಡುತ್ತಾನೆ. ಗುರುಕುಲದಲ್ಲಿ ಎಷ್ಟು ಓದಿದರೂ ಏನು, ಓದಿದವನ ಮಾನ ರಾಜಬಲ ಇದ್ದವನ ಕೈಯಲ್ಲೇ ಅಲ್ಲವೇ ಎಂಬುದು ಆ ವಿದ್ಯಾರ್ಥಿಯ ಸಂಕಟ. ಆಮೇಲೆ ದರ್ಭೆ, ಸಮಿತ್ತು, ಹವಿಸ್ಸಿನ ಸ್ರುಕ್ಕು ಹಿಡಿದು ಪಳಗಿದ ಕೈಯೇ ಕತ್ತಿ ಹಿರಿಯುತ್ತದೆ. ಕುಬ್ಜ ಆ ಯಜ್ಞದ ಸಾಮಗ್ರಿಗಳನ್ನು ಒಂದಾದ ಮೇಲೆ ಒಂದರಂತೆ ಹೆಸರಿಸಿಯೇ ಕತ್ತಿಗೆ ಬರುತ್ತಾನೆ. ಎಲ್ಲ ಸೇಡಿನ ಕಥೆಗಳೂ ಆಸೆಪಡುವ ಕ್ಷಣ ಅದು, ಮನುಷ್ಯ ಒಂದು ಬದುಕಿನಿಂದ ಇನ್ನೊಂದಕ್ಕೆ ದಾಟುವ ಕ್ಷಣ. ಹುಟ್ಟಿನಿಂದ ತಾನು ಏನಾಗಿರಲಿಲ್ಲವೋ ಅದಾಗಲು ಅವನು ಹೊರಡುತ್ತಾನೆ. ಮುಂದೆ ಪಲ್ಲವರ ಗಡಿಕಾವಲುಗಾರರನ್ನು ಸೋಲಿಸಿ ಶ್ರೀಪರ್ವತದ ಕಡೆಯ ಕಾಡು ಸೇರುವುದು, ಬೃಹದ್ಬಾಣ ಮೊದಲಾದ ಅರಸರಿಂದ ಕಪ್ಪ ವಸೂಲಿ ಮಾಡುವುದು, ತನ್ನ ಮೇಲೆ ಬಂದ ಸೈನ್ಯವನ್ನು ಕಾಡಿಸುವುದು ಎಲ್ಲವೂ ಈ ದಾಟುವಿಕೆಯ ಫಲ.

ದೇವುಡು ಅವರನ್ನು ಈ ವಸ್ತು ಏಕೆ ಹಿಡಿದಿರಬಹುದು ಎಂಬುದಕ್ಕೆ ಅವರ ಮುಂದಿನ ಬರವಣಿಗೆಯಲ್ಲಿ ಒಂದು ಸುಳಿವಿದೆ ಎನ್ನಿಸುತ್ತದೆ. ಅವರ ‘ಮಹಾಬ್ರಾಹ್ಮಣ’ ವಿಶ್ವಾಮಿತ್ರನ ಕಥೆ. ವಸಿಷ್ಠರ ಆಶ್ರಮದಲ್ಲಿ ಹಸುವಿಗಾಗಿ ಸೋತು ಅವಮಾನಗೊಂಡ ರಾಜ ತಪಸ್ಸಿಗೆ ಕೂರುತ್ತಾನೆ, ಸೇಡಿನಿಂದ ಆರಂಭವಾದದ್ದು ಬ್ರಹ್ಮರ್ಷಿತ್ವದಲ್ಲಿ ಮುಗಿಯುತ್ತದೆ. ಕತ್ತಿಯಿಂದ ದರ್ಭೆಗೆ ದಾಟಿದವನು ವಿಶ್ವಾಮಿತ್ರ, ದರ್ಭೆಯಿಂದ ಕತ್ತಿಗೆ ದಾಟಿದವನು ಮಯೂರ. ಮೀಮಾಂಸೆ ಬಲ್ಲ ಪಂಡಿತ, ಕಾದಂಬರಿಕಾರ ಎರಡೂ ಆಗಿದ್ದ ಒಬ್ಬ ಲೇಖಕ ಈ ಎರಡು ದಾರಿಗಳನ್ನೂ ನಡೆದು ನೋಡಿದ್ದು ಆಕಸ್ಮಿಕವಿರಲಾರದು.

ಪರದೆಗೆ ಬರುವ ಹೊತ್ತಿಗೆ ಮಯೂರನ ಗಾಯ ಬೇರೆಯಾಗಿದೆ. ಚಿತ್ರದಲ್ಲಿ ಮಯೂರ ಬ್ರಾಹ್ಮಣನಾಗಿ ಬೆಳೆದರೂ ಹುಟ್ಟಿನಿಂದ ಕದಂಬ ರಾಜಕುಮಾರ. ಅವನಿಗೆ ಅದು ತಿಳಿಯುವುದು ಆಮೇಲೆ. ಅಲ್ಲಿಂದ ಮುಂದೆ ಅವನ ಹೋರಾಟ ಕಳೆದುಕೊಂಡ ರಾಜ್ಯವನ್ನು ಮರಳಿ ಪಡೆಯುವುದಕ್ಕೆ. ಹುಟ್ಟಿನ ಗುಟ್ಟು ಸಿನಿಮಾಕ್ಕೆ ತುಂಬ ಅನುಕೂಲದ ಸಾಧನ. ಎರಡೂವರೆ ಗಂಟೆಯಲ್ಲಿ ಒಬ್ಬ ವೈದಿಕ ಹೇಗೆ ಯೋಧನಾದ ಎಂದು ತೋರಿಸುವುದು ಕಷ್ಟ. ಅವನ ರಕ್ತದಲ್ಲೇ ಯೋಧನಿದ್ದ ಎಂದರೆ ಒಂದು ದೃಶ್ಯದಲ್ಲಿ ಕೆಲಸ ಮುಗಿಯಿತು. ಆದರೆ ಇದಕ್ಕೆ ತೆತ್ತ ಬೆಲೆ ದೊಡ್ಡದು. ಕಲ್ಲಿನ ಮಯೂರ ಹುಟ್ಟನ್ನು ದಾಟಿದವನು; ಪರದೆಯ ಮಯೂರ ಹುಟ್ಟಿಗೆ ಹಿಂತಿರುಗಿದವನು. ಹದಿನೈದು ಶತಮಾನದ ಹಿಂದಿನ ಕವಿ ತನ್ನ ರಾಜನ ವಂಶ ವೈದಿಕರ ಮನೆಯಿಂದ ಬಂದದ್ದನ್ನು ಮುಚ್ಚಿಡದೆ ಹೆಮ್ಮೆಯಿಂದ ಹೇಳಿದ್ದ. ನಮ್ಮ ಕಾಲದ ಚಿತ್ರ ಅಷ್ಟು ಧೈರ್ಯ ಮಾಡಲಿಲ್ಲ ಎಂಬುದು ನನ್ನ ದೂರು.

ಹಾಗಿದ್ದೂ ‘ಮಯೂರ’ ನೋಡುವಾಗ ಮೈ ಜುಮ್ಮೆನ್ನುತ್ತದೆ, ಅದಕ್ಕೆ ಕಾರಣವೂ ಈ ಬದಲಾವಣೆಯಲ್ಲೇ ಇದೆ. ಅವಮಾನ ಒಬ್ಬ ವಿದ್ಯಾರ್ಥಿಯದಾಗಿದ್ದಾಗ ಸೇಡೂ ಒಬ್ಬನದು. ಕಳೆದದ್ದು ನಾಡು ಎಂದಾದಾಗ ಸೇಡು ನೋಡುಗರೆಲ್ಲರದು. ಕನ್ನಡ ಪ್ರದೇಶಗಳು 1956ರಲ್ಲಿ ಒಂದಾದರೂ ರಾಜ್ಯದ ಹೆಸರು ಮೈಸೂರು ಎಂದೇ ಉಳಿದಿತ್ತು. ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಾಗಿ ಎರಡು ವರ್ಷಕ್ಕೆ ಕನ್ನಡಿಗರ ಮೊದಲ ರಾಜವಂಶದ ಕಥೆ ರಾಜಕುಮಾರ್ ಅವರ ನಿಲುವು, ನಡೆ, ಕಂಠದೊಂದಿಗೆ ಥಿಯೇಟರಿಗೆ ಬಂತು. ಶಿಖೆ ಬಿಟ್ಟು ಉತ್ತರೀಯ ಹೊದ್ದಾಗ ಒಂದು ಬಗೆಯ ಮಾತು, ಕವಚ ತೊಟ್ಟಾಗ ಇನ್ನೊಂದು ಬಗೆ. ಕಥೆ ಹುಟ್ಟಿನ ಗುಟ್ಟಿಗೆ ಒಪ್ಪಿಸಿಬಿಟ್ಟ ದಾಟುವಿಕೆಯನ್ನು ನಟ ತನ್ನ ದೇಹದಲ್ಲಿ ಮರಳಿ ತಂದುಕೊಡುತ್ತಾರೆ. ಚಿ. ಉದಯಶಂಕರ್ ಬರೆದು ಜಿ.ಕೆ. ವೆಂಕಟೇಶ್ ಸಂಗೀತ ಕೊಟ್ಟ ಪ್ರಸಿದ್ಧ ಹಾಡೊಂದರಲ್ಲಿ ಮಯೂರ ತನ್ನನ್ನೇ ಜನರಿಗೆ ಒಪ್ಪಿಸಿಕೊಳ್ಳುವಾಗ ಸೇಡು ಎಂಬುದು ಕರಗಿ ಹೊಣೆಯಾಗುತ್ತದೆ. ರಾಜ್ಯೋತ್ಸವದ ವೇದಿಕೆಗಳಲ್ಲಿ ಆ ಹಾಡು ಇಂದಿಗೂ ಕೇಳಿಸುವುದು ಇದರಿಂದಲೇ. ಒಂದು ಬಾಗಿಲು ಮುಚ್ಚಿದ ಚಿತ್ರ ಇನ್ನೊಂದನ್ನು ಅಗಲವಾಗಿ ತೆರೆಯಿತು. ಎರಡನ್ನೂ ಬಲ್ಲವನ ಆನಂದ ಒಂದನ್ನೇ ಬಲ್ಲವನದಕ್ಕಿಂತ ಹೆಚ್ಚು.

ಇತಿಹಾಸವನ್ನು ಹೀಗೆ ತಿರುಚಬಹುದೇ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶಾಸನ ಓದುವವರು ಬೆರಳೆಣಿಕೆಯಷ್ಟು, ಸಿನಿಮಾ ನೋಡುವವರು ಲಕ್ಷಾಂತರ. ಪರದೆಯ ಮೇಲೆ ಕಂಡದ್ದೇ ನಡೆದದ್ದು ಎಂದು ಮಕ್ಕಳು ನಂಬುತ್ತಾರೆ. ಇದಕ್ಕೆ ಕಲ್ಲಿನ ಮಾತೂ ಪೂರ್ತಿ ನಿಷ್ಪಕ್ಷಪಾತವಲ್ಲ ಎಂದು ಉತ್ತರಿಸುವವರಿದ್ದಾರೆ. ಹೌದು, ಅದು ಆಸ್ಥಾನಕವಿ ತನ್ನ ದೊರೆಯ ಮೂಲಪುರುಷನನ್ನು ಹೊಗಳಿದ ಕಾವ್ಯ. ಷಡಾನನನೇ ಮಯೂರನನ್ನು ಸೇನಾಪತಿಯಾಗಿ ಅಭಿಷೇಕಿಸಿದ ಎಂದೂ ಅದರಲ್ಲಿದೆ. ಡ್ಯೂಮಾನ ಕಾದಂಬರಿಯೂ ಪೊಲೀಸ್ ದಾಖಲೆಗಳ ಆಧಾರದಲ್ಲಿ ಜಾಕ್ ಪ್ಯೂಷೆ ಬರೆದಿಟ್ಟ, ಚಮ್ಮಾರನೊಬ್ಬನ ಸೇಡಿನ ವೃತ್ತಾಂತದಿಂದ ಹುಟ್ಟಿದ್ದು. ಮೂಲ ಎಂದು ನಾವು ಕೈಮುಗಿಯುವುದೂ ಹಿಂದಿನ ಯಾವುದರದೋ ರೂಪಾಂತರ. ಆದರೆ ಅಷ್ಟಕ್ಕೇ ಎಲ್ಲ ಕಥನಗಳೂ ಸಮಾನ ಎನ್ನಲಾಗದು. ನೂರು ವರ್ಷದ ದೂರದಲ್ಲಿ ಕೆತ್ತಿದ ಕಲ್ಲಿಗೂ ಸಾವಿರದ ಆರುನೂರು ವರ್ಷದ ದೂರದಲ್ಲಿ ತೆಗೆದ ಚಿತ್ರಕ್ಕೂ ಸಾಕ್ಷಿಯ ತೂಕ ಬೇರೆಬೇರೆ. ಚಿತ್ರವನ್ನು ಚಿತ್ರವಾಗಿ ಮೆಚ್ಚಿ, ನಡೆದದ್ದೇನು ಎಂಬ ಪ್ರಶ್ನೆಗೆ ಕಲ್ಲಿನ ಕಡೆ ತಿರುಗುವುದನ್ನು ಶಾಲೆಯಲ್ಲೇ ಕಲಿಸಬಹುದು. ‘ಮಯೂರ’ ತೋರಿಸಿದ ಮರುದಿನ ತಾಳಗುಂದದ ಪಾಠ ಮಾಡಿದರೆ ಮಕ್ಕಳು ಕಿವಿಗೊಡುತ್ತಾರೆ. ಬರೀ ತಾಳಗುಂದ ಎಂದರೆ ಆಕಳಿಸುತ್ತಾರೆ.

ಇನ್ನೊಂದು ಆಕ್ಷೇಪ ಸಾಹಿತ್ಯದ ಕಡೆಯದು: ಮೂಲಕ್ಕೆ ನಿಷ್ಠೆ ಬೇಡವೇ? ‘ನಾಗರಹಾವು’ ಚಿತ್ರ ನೋಡಿ ಅದರ ಮೂಲ ಕಾದಂಬರಿಕಾರ ತರಾಸು ತಮ್ಮ ನಾಗರಹಾವು ನಿರ್ದೇಶಕ ಪುಟ್ಟಣ್ಣನವರ ಕೈಯಲ್ಲಿ ಕೇರೆಹಾವಾಯಿತು ಎಂದರೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಬರೆದವರ ಸಂಕಟ ಅರ್ಥವಾಗುತ್ತದೆ. ಆದರೆ ಉಡುಪಿ, ಕಾಪು, ಕಾರ್ಕಳದ ಕಡೆಯ ಪ್ರೇಕ್ಷಕರಿಗೆ ಈ ಪ್ರಶ್ನೆಗೆ ಉತ್ತರ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಇಲ್ಲಿ ‘ಭೀಷ್ಮ ವಿಜಯ’ದ ತಾಳಮದ್ದಳೆಗೆ ಕೂರುವವರಿಗೆ ಅಂಬೆಯ ಕಥೆ ಮೊದಲಿಂದ ಕೊನೆವರೆಗೂ ಗೊತ್ತು. ಸ್ವಯಂವರದಿಂದ ಎತ್ತಿ ತಂದದ್ದು, ಸಾಲ್ವ ತಿರಸ್ಕರಿಸಿದ್ದು, ಭೀಷ್ಮ ಕೈಬಿಟ್ಟದ್ದು, ಅವಳ ಶಪಥ ಯಾವುದೂ ಹೊಸದಲ್ಲ. ಅವರು ಕಾಯುವುದು ಇವತ್ತಿನ ಅರ್ಥಧಾರಿ ಅವಳ ಸಿಟ್ಟಿಗೆ ಯಾವ ಕಾರಣ ಹುಡುಕುತ್ತಾನೆ ಎಂಬುದಕ್ಕೆ. ಒಂದು ರಾತ್ರಿ ಅಂಬೆ ಪ್ರೇಮ ಕಳೆದುಕೊಂಡವಳು, ಇನ್ನೊಂದು ರಾತ್ರಿ ತನ್ನ ಮಾತನ್ನೇ ಯಾರೂ ಕೇಳಲಿಲ್ಲ ಎಂದು ಉರಿಯುವವಳು. ಪದ್ಯ ಅದೇ, ಗಾಯ ಬೇರೆ. ಹಾಗೆಂದು ಅರ್ಥಧಾರಿ ಏನು ಹೇಳಿದರೂ ಇಲ್ಲಿನವರು ಒಪ್ಪುವುದಿಲ್ಲ. ಕೊಟ್ಟ ಕಾರಣದಿಂದ ಶಪಥದವರೆಗೆ ದಾರಿ ಸರಿಯಾಗಿ ಕೂಡಿಬಂತೇ ಎಂದು ಬೆಳಗಾಗುವತನಕ ಚರ್ಚಿಸುತ್ತಾರೆ. ಸಿನಿಮಾ ನೋಡುವಾಗಲೂ ಇದೇ ಅಳತೆಗೋಲು ಸಾಕು.

ಈ ಅಳತೆಗೋಲಿನಲ್ಲಿ ‘ಮಯೂರ’ ಸೋಲುವ ಒಂದು ಜಾಗ ಮುಕ್ತಾಯ. ತಾಳಗುಂದದ ಶಾಸನದಲ್ಲಿ ಪಲ್ಲವರು ಮಯೂರಶರ್ಮನನ್ನು ಅಡಗಿಸಲಾಗದೆ ಅವನ ಪರಾಕ್ರಮವನ್ನು ಮೆಚ್ಚಿ ಸಂಧಿಗೆ ಬರುತ್ತಾರೆ. ಅವನೂ ಅವರಿಗೆ ಸೇವೆ ಸಲ್ಲಿಸುತ್ತಾನೆ. ಕೊನೆಗೆ ಪಡುಗಡಲಿನಿಂದ ಪ್ರೇಹರವೆಂಬ ಎಲ್ಲೆಯವರೆಗಿನ ನೆಲದ ಒಡೆತನವನ್ನೂ ಪಟ್ಟಬಂಧದ ಗೌರವವನ್ನೂ ಅವನಿಗೆ ಕೊಡುವವರು ಪಲ್ಲವರೇ. ಯಾರ ಆಳಿನಿಂದ ಅವಮಾನವಾಯಿತೋ ಅವರಿಂದಲೇ ಪಟ್ಟ! ದಾಂತೆಸ್‌ಗೆ ತನ್ನ ಸೇಡಿನ ನಡುವೆ ಒಬ್ಬ ಎಳೆಯ ಹುಡುಗ ಸತ್ತದ್ದನ್ನು ಕಂಡು ತಾನು ಮಾಡಿದ್ದು ಸರಿಯೇ ಎಂಬ ಸಂಶಯ ಹುಟ್ಟುತ್ತದೆ, ಕಾದಂಬರಿ ದೊಡ್ಡದಾಗುವುದು ಅಲ್ಲಿ. ಮಯೂರನ ಕಥೆಯಲ್ಲಿ ಅಂಥ ಎತ್ತರ ಈ ಪಟ್ಟಬಂಧದಲ್ಲಿತ್ತು. ಗೆದ್ದವನು ಸೋತವರ ಕೈಯಿಂದ ಮಾನ ಸ್ವೀಕರಿಸುವಾಗ ಅವನ ಮುಖದಲ್ಲಿ ಏನೇನು ಹಾದುಹೋಗಬಹುದು! ರಾಜಕುಮಾರ್ ಅದನ್ನು ಅಭಿನಯಿಸಬಲ್ಲವರಾಗಿದ್ದರು.

ಶಾಸನದ ಆ ಪಡುಗಡಲು ನಮ್ಮ ಕರಾವಳಿಯನ್ನು ತೊಳೆಯುವ ಸಮುದ್ರವೇ. ಕದಂಬರ ಕಾಲದ ಹಲ್ಮಿಡಿ ಶಾಸನ ಇಲ್ಲಿನ ಅರಸರಾದ ಆಳುಪರನ್ನು ಹೆಸರಿಸುತ್ತದೆ, ಆ ಆಳುಪರ ರಾಜಧಾನಿಯಾಗಿದ್ದದ್ದು ಪಾಪನಾಶಿನಿ ಹೊಳೆಯ ದಡದ ಉದ್ಯಾವರ. ಅಲ್ಲಿನ ಶಂಭುಕಲ್ಲು ದೇವಸ್ಥಾನದ ಬಳಿಯ ಹಳಗನ್ನಡ ವೀರಗಲ್ಲುಗಳಲ್ಲಿ ಎಂಟನೆಯ ಶತಮಾನದ ಸುಮಾರಿಗೆ ಆಳುಪರೊಳಗೇ ನಡೆದ ಕಾಳಗದ ಸುದ್ದಿಯಿದೆ. ರಣಸಾಗರ, ಶ್ವೇತವಾಹನ, ಪೃಥ್ವೀಸಾಗರ ಎಂಬ ಅರಸರ ಹೆಸರುಗಳು, ಊರನ್ನು ಹೊಕ್ಕು ಕಾದಿ ಮಡಿದ ಬಂಟರ ಹೆಸರುಗಳು ಅಲ್ಲಿವೆ. ಸಿಂಹಾಸನದ ಹಕ್ಕಿಗಾಗಿ ನಡೆದ ಜಗಳ ಎಂದು ಇತಿಹಾಸಕಾರರು ಊಹಿಸುತ್ತಾರೆ. ಯಾರು ಹೋರಾಡಿದರು, ಯಾರು ಸತ್ತರು ಎಂದು ಆ ಕಲ್ಲುಗಳು ಹೇಳುತ್ತವೆ. ಮೊದಲು ಯಾರು ಯಾರಿಗೆ ಏನು ಮಾಡಿದರು ಎಂದು ಹೇಳುವುದಿಲ್ಲ. ಈ ಕಾಳಗವನ್ನು ಕಾದಂಬರಿ ಮಾಡುವವರು, ಆಮೇಲೆ ಸಿನಿಮಾ ಮಾಡುವವರು ಎಲ್ಲಕ್ಕಿಂತ ಮೊದಲು ಆ ಕಾರಣವನ್ನು ತಾವೇ ಆರಿಸಿಕೊಳ್ಳಬೇಕಾಗುತ್ತದೆ. ಅಲ್ಲಿ ಹುಟ್ಟಿನ ಗುಟ್ಟಿನ ಸುಲಭದ ದಾರಿ ಹಿಡಿಯದೆ, ಒಂದೇ ಮನೆತನದ ಇಬ್ಬರು ಎದುರಾಗುವಷ್ಟು ಆಳದ ಗಾಯವನ್ನು ಅವರು ಹುಡುಕಲಿ.